ಇದ್ದ ಮನೆ, ನೋಡಿಬಂದ ಮನೆ

ನಿತ್ಯವೂ ನಡೆಯುವ ಹಾದಿಯನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಎಡವುವ ಕಲ್ಲು ಎಲ್ಲಿದೆ, ಮಳೆಗಾಲದಲ್ಲಿ ಕೆಸರು ಎಲ್ಲಿ ನಿಲ್ಲುತ್ತದೆ ಎಂಬುದು ಕಾಲಿಗೇ ತಿಳಿದಿರುವುದರಿಂದ ಕಣ್ಣಿಗೆ ಅಲ್ಲಿ ಕೆಲಸವಿರುವುದಿಲ್ಲ. ಆ ಹಾದಿ ಯಾರ ಹೊಲದ ಮೇಲೆ ಹಾಯುತ್ತದೆ, ಹೊಲದವನು ನಾಳೆ ಬೇಲಿ ಹಾಕಿದರೆ ನಮ್ಮ ಗತಿಯೇನು ಎಂಬ ಯೋಚನೆಯಂತೂ ಬೇಲಿ ಬಿದ್ದ ದಿನದವರೆಗೆ ಬರುವುದೇ ಇಲ್ಲ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ ಗಣಕಯಂತ್ರದ ವಿಷಯವಾಗಿ ನಡೆದುಬಂದಿರುವುದೂ ಇದೇ ರೀತಿ. ಪ್ರಶ್ನಪತ್ರಿಕೆ, ಹಾಜರಿಯ ಪಟ್ಟಿ, ಸಂಶೋಧನ ಪ್ರಬಂಧ, ವಿಚಾರಸಂಕಿರಣದ ಆಮಂತ್ರಣ ಎಲ್ಲವನ್ನೂ ಅದರ ಮೇಲೆಯೇ ಬರೆಯುತ್ತೇವೆ. ಆದರೆ ಆ ಯಂತ್ರವನ್ನು ನಡೆಸುವ ತಂತ್ರಾಂಶದ ಮಾತು ಬಂದಾಗ, ಅದು ವಿಜ್ಞಾನ ವಿಭಾಗದವರ ವ್ಯವಹಾರವೆಂದು ಕೈತೊಳೆದುಕೊಳ್ಳುತ್ತೇವೆ. ಈ ಉದಾಸೀನವು ಸಾಹಿತ್ಯದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸಲ್ಲದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಗಣಕಯಂತ್ರದಲ್ಲಿ 'ಆಪರೇಟಿಂಗ್ ಸಿಸ್ಟಂ' ಎಂದು ಕರೆಯಲಾಗುವ ಮೂಲ ತಂತ್ರಾಂಶವೊಂದಿರುತ್ತದೆ. ಮದುವೆಯ ಮನೆಯಲ್ಲಿ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಹಿರಿಯರೊಬ್ಬರಿರುತ್ತಾರಷ್ಟೆ. ಅಡಿಗೆಯವರಿಗೆ ಅಕ್ಕಿ, ಬಡಿಸುವವರಿಗೆ ಎಲೆ, ಬೀಗರಿಗೆ ಕೊಠಡಿ ಎಲ್ಲವೂ ಅವರ ಕೈಯಿಂದಲೇ ಹೋಗಬೇಕು. ಯಂತ್ರದ ಸ್ಮೃತಿ, ತೆರೆ, ಕೀಲಿಮಣೆ, ಮುದ್ರಕ ಇವುಗಳನ್ನು ಮಿಕ್ಕ ತಂತ್ರಾಂಶಗಳಿಗೆ ಅಳೆದು ಹಂಚುವ ಉಗ್ರಾಣಿಯೇ ಈ ಆಪರೇಟಿಂಗ್ ಸಿಸ್ಟಂ. ನಮ್ಮಲ್ಲಿ ಬಹುಮಂದಿಗೆ ಆ ಉಗ್ರಾಣಿಯೆಂದರೆ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. 1985ರಲ್ಲಿ ಮೊದಲು ಹೊರಬಂದು, 1995ರ ಆವೃತ್ತಿಯಿಂದ ಮನೆಮಾತಾದ ಈ ವ್ಯವಸ್ಥೆಯ ನೆರಳಿನಲ್ಲಿಯೇ ನನ್ನ ವಯಸ್ಸಿನವರು ಗಣಕವನ್ನು ಕಲಿತುದು. ಗಣಕವೆಂದರೆ ವಿಂಡೋಸ್, ವಿಂಡೋಸೆಂದರೆ ಗಣಕ ಎಂಬ ಅಭೇದವು ನಮ್ಮಲ್ಲಿ ಬೆಳೆದುದು ಸಹಜವೇ ಆಗಿದೆ.

ಈ ಅಭೇದವನ್ನು ಅಲುಗಿಸಿದುದು 2025ರ ಅಕ್ಟೋಬರ್ 14. ಹತ್ತು ವರ್ಷಗಳ ಹಿಂದೆ, 2015ರಲ್ಲಿ ಬಂದಿದ್ದ ವಿಂಡೋಸ್ 10 ಎಂಬ ಆವೃತ್ತಿಗೆ ಆ ದಿನ ತಯಾರಕರ ಬೆಂಬಲ ನಿಂತಿತು. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ಅದು ಎಂದಿನಂತೆಯೇ ಓಡುತ್ತದೆ. ಆದರೆ ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವ ಕೆಲಸವನ್ನು ಮಾಡಿಸಿದವರು ಇನ್ನು ಮಾಡುವುದಿಲ್ಲ. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಇನ್ನೊಂದು ವರ್ಷದ ಅವಧಿಯನ್ನು ಆಗ ಘೋಷಿಸಿದುದೂ ಉಂಟು. ಇಂತಹ ಮುಕ್ತಾಯಗಳು ಹಿಂದೆಯೂ ಆಗಿವೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಇದೇ ಗತಿಯಾಯಿತು. ಆದರೆ ಈ ಸಲದ ವಿಶೇಷವೆಂದರೆ, ಮುಂದಿನ ಆವೃತ್ತಿಯಾದ ವಿಂಡೋಸ್ 11 ತನಗೆ ಬೇಕಾದ ಯಂತ್ರ ಇಂತಹುದೇ ಆಗಿರಬೇಕೆಂದು ಬಿಗಿಯಾಗಿ ಹೇಳಿತು. ಟಿಪಿಎಂ 2.0 ಎಂಬ ರಕ್ಷಣಾ ಸಾಧನವಿರಬೇಕು, ಸಂಸ್ಕಾರಕವು ಅಂಗೀಕೃತ ಪಟ್ಟಿಯಲ್ಲಿರಬೇಕು. ಇದರಿಂದಾಗಿ ಕೀಲು ಸಡಿಲವಾಗದ, ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿಯಬಲ್ಲ ಎಷ್ಟೋ ಯಂತ್ರಗಳು ಕಾಗದದ ಮೇಲೆ ಮುದುಕಾದುವು. ನಮ್ಮ ವಿಭಾಗದಲ್ಲಿದ್ದ ಮೂರು ಯಂತ್ರಗಳಲ್ಲಿ ಎರಡು ಈ ಗುಂಪಿಗೆ ಸೇರಿದುವು. ಹೊಸದನ್ನು ಕೊಳ್ಳಲು ಹಣವಿಲ್ಲ. ಹಳೆಯದನ್ನು ಎಸೆಯಲು ಮನಸ್ಸಿಲ್ಲ.

ಇಂತಹ ಸಂದರ್ಭದಲ್ಲಿ ನಾನು ಕೈಗೊಂಡ ಮಾರ್ಗ ಬಹು ಸಾಧಾರಣವಾದುದು. ದಿನದ ಕೆಲಸಕ್ಕೆ ಪರಿಚಿತವಾದ ವಿಂಡೋಸನ್ನೇ ಇಟ್ಟುಕೊಂಡೆ. ಅದರ ಜೊತೆಯಲ್ಲಿ, ಬಿಡುವಾದಾಗ, ಬೇರೆ ವ್ಯವಸ್ಥೆಗಳನ್ನು ಒಂದೊಂದಾಗಿ ಹತ್ತಿ ಇಳಿದು ನೋಡಿದೆ. ಹೀಗೆ ನೋಡುವುದಕ್ಕೆ ಈಗ ಯಾವ ಸಾಹಸವೂ ಬೇಕಿಲ್ಲ. 8 ಜಿ.ಬಿ.ಯ ಪೆನ್ ಡ್ರೈವ್ ಒಂದಿದ್ದರೆ ಸಾಕು. ಲಿನಕ್ಸ್ ವರ್ಗದ ಬಹುತೇಕ ವ್ಯವಸ್ಥೆಗಳನ್ನು ಅದರಲ್ಲಿ ಬರೆದು, ಯಂತ್ರವನ್ನು ಅದರಿಂದಲೇ ಎಬ್ಬಿಸಬಹುದು. ಯಂತ್ರದೊಳಗಿನ ಸಂಗ್ರಹವನ್ನು ನಾವಾಗಿ ಮುಟ್ಟಿದ ಹೊರತು ಅದು ಇದ್ದಂತೆಯೇ ಇರುತ್ತದೆ. ಡ್ರೈವನ್ನು ಕಿತ್ತು ಮತ್ತೆ ಯಂತ್ರ ಹಚ್ಚಿದರೆ ಹಳೆಯ ವಿಂಡೋಸ್ ಏನೂ ಆಗದವರ ಹಾಗೆ ಎದುರಿಗೆ ನಿಲ್ಲುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ನೆಲೆಗೊಳಿಸಿ, ಹಚ್ಚುವಾಗ ಇದೋ ಅದೋ ಎಂದು ಆರಿಸಿಕೊಳ್ಳುವ ಕ್ರಮವೂ ಉಂಟು. ವಿಂಡೋಸಿನೊಳಗೇ ಒಂದು ಕಿಟಕಿಯಲ್ಲಿ ಇನ್ನೊಂದು ವ್ಯವಸ್ಥೆಯನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನಂತಹ ಸಾಧನಗಳೂ ಉಂಟು. ಮುಖ್ಯವಾದ ಬರಹಗಳ ಪ್ರತಿಯನ್ನು ಮೊದಲು ಬೇರೆಡೆ ತೆಗೆದಿಟ್ಟುಕೊಳ್ಳಬೇಕು ಎಂಬುದೊಂದೇ ಇಲ್ಲಿ ಮೀರಬಾರದ ನಿಯಮ.

ಲಿನಕ್ಸಿನ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯ. ತಂತ್ರಾಂಶವನ್ನು ಬಳಸುವ, ತೆರೆದು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬ ನಿಲುವಿನಿಂದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ 'ಗ್ನೂ' ಎಂಬ ಯೋಜನೆಯನ್ನು ಸಾರಿದರು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣ 1991ರ ಆಗಸ್ಟ್ 25ರಂದು, ತಾನೊಂದು ಸಣ್ಣ ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ಸಹಾಸಕ್ತರಿಗೆ ತಿಳಿಸಿದ. ಆಗ ಅವನಿಗೆ 21 ವರ್ಷ. ಅವನು ಬರೆದ ತಿರುಳೂ ಗ್ನೂ ಯೋಜನೆಯ ಸಾಮಗ್ರಿಯೂ ಕೂಡಿ ಬೆಳೆದುದನ್ನೇ ನಾವು ಲಿನಕ್ಸ್ ಎನ್ನುತ್ತೇವೆ. ಆ ಒಂದೇ ತಿರುಳಿನ ಸುತ್ತ ಬೇರೆ ಬೇರೆ ಬಳಗಗಳು ಬೇರೆ ಬೇರೆ ಮನೆಗಳನ್ನು ಕಟ್ಟಿವೆ: 1993ರಲ್ಲಿ ಡೆಬಿಯನ್, 2004ರಲ್ಲಿ ಉಬುಂಟು, 2006ರಲ್ಲಿ ಲಿನಕ್ಸ್ ಮಿಂಟ್. ಉಬುಂಟು ಎಂಬುದು ದಕ್ಷಿಣ ಆಫ್ರಿಕದ ನುಡಿಗಳ ಮಾತು. ಮಾನವೀಯತೆ ಎಂಬುದಕ್ಕೆ ಹತ್ತಿರವಾದ ಅರ್ಥ ಅದಕ್ಕಿದೆ. ಇದೆಲ್ಲ ನಮಗೆ ದೂರದ ಸಂಗತಿಯೆಂದು ತಿಳಿಯಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಗಳ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಲ್ಲಿಯೂ ಇರುವುದು ಇದೇ ಲಿನಕ್ಸಿನ ತಿರುಳು. ಜಗತ್ತಿನ ಅತಿವೇಗದ 500 ಮಹಾಗಣಕಗಳ ಪಟ್ಟಿಯನ್ನು ನೋಡಿದರೆ, 2017ರ ನವೆಂಬರಿನಿಂದ ಅದರಲ್ಲಿ ಲಿನಕ್ಸಲ್ಲದ ಒಂದೂ ಕಾಣಿಸಿಕೊಂಡಿಲ್ಲ. ಇಷ್ಟಾದರೂ ಮೇಜಿನ ಮೇಲಿನ ಗಣಕದಲ್ಲಿ ಮಾತ್ರ ಅದು ಅತಿಥಿಯಾಗಿಯೇ ಉಳಿದಿದೆ.

ಲಿನಕ್ಸಿನ ಆಚೆಗೂ ಕೆಲವು ಮನೆಗಳುಂಟು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ಬೆಳೆದ ಪರಂಪರೆಯಿಂದ ಬಂದ ಫ್ರೀಬಿಎಸ್‌ಡಿ ಅಂತಹುದೊಂದು. ಹೆಸರಿನಿಂದಲೇ ನನ್ನನ್ನು ಸೆಳೆದುದು ಇನ್ನೊಂದು. ಅದರ ಹೆಸರು ಹೈಕು. 1990ರ ದಶಕದಲ್ಲಿದ್ದ ಬಿಓಎಸ್ ಎಂಬ ವ್ಯವಸ್ಥೆ ಒಡೆಯರ ಕೈ ಬದಲಾಗಿ ಮುಗಿದುಹೋಗುವ ಹೊತ್ತಿಗೆ, ಅದರ ಅಭಿಮಾನಿಗಳು 2001ರಲ್ಲಿ ಅದನ್ನು ಮೊದಲಿನಿಂದ ಮತ್ತೆ ಬರೆಯತೊಡಗಿದರು. ಆ ಹಳೆಯ ವ್ಯವಸ್ಥೆಯ ಜಾಲವೀಕ್ಷಕದಲ್ಲಿ ದೋಷಸೂಚನೆಗಳು ಹೈಕು ಪದ್ಯಗಳ ರೂಪದಲ್ಲಿ ಬರುತ್ತಿದ್ದುವಂತೆ. ಹೆಸರು ಅದರ ನೆನಪಿಗೆ. ತಪ್ಪಾಯಿತೆಂದು ತಿಳಿಸುವಾಗಲೂ ಮೂರು ಸಾಲಿನ ಪದ್ಯವನ್ನು ಹೇಳುವ ಯಂತ್ರದ ಮೇಲೆ ಸಾಹಿತ್ಯದ ಮೇಷ್ಟರಿಗೆ ಮಮತೆ ಹುಟ್ಟಿದರೆ ಆಶ್ಚರ್ಯವೇನು? ಆದರೆ ಮಮತೆಯೇ ಬೇರೆ, ನಿತ್ಯದ ಕೆಲಸವೇ ಬೇರೆ. ಇವೆರಡನ್ನೂ ನೋಡಿ ಸಂತೋಷಪಟ್ಟು ಹಿಂತಿರುಗಿದೆ. ಕೆಲವು ವಾರ ಇದ್ದು ನೋಡಿದುದು ಲಿನಕ್ಸಿನ ಎರಡು ಮೂರು ರೂಪಗಳಲ್ಲಿ.

ಅಲ್ಲಿ ನನಗೆ ಮೊದಲು ಎದುರಾದುದು ಕನ್ನಡ. ತೆರೆಯ ಮೇಲಿನ ಸೂಚನೆಗಳು ಕನ್ನಡದಲ್ಲಿ ಬೇಕೆಂದು ಆರಿಸಿದಾಗ, ಫೈಲ್ ಎಂಬುದರ ಸ್ಥಾನದಲ್ಲಿ 'ಕಡತ' ಎಂಬ ಮಾತು ಬಂದು ನಿಂತಿತು. ಕಡತವೆಂದರೆ ನಮ್ಮ ಹಿರಿಯರು ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಬಟ್ಟೆಯ ಪುಸ್ತಕ. ಇದ್ದಿಲ ಪುಡಿಯನ್ನೂ ಹುಣಿಸೆಬೀಜದ ಸರಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂತಹ ಕಡತಗಳು ಉಳಿದುಬಂದಿವೆ. ಬಟ್ಟೆಯಿಂದ ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೆ, ಅಲ್ಲಿಂದ ಗಣಕದ ತೆರೆಗೆ ಆ ಮಾತು ನಡೆದುಬಂದಿದೆ. ವಿಂಡೋಸಿನಲ್ಲಿಯೂ ಕನ್ನಡದ ಮುಖ ಉಂಟೆಂಬುದನ್ನು ಮರೆಯಲಾಗದು. ಆದರೆ ಅಲ್ಲಿಯ ಮಾತು ನಮಗೆ ಒಪ್ಪಿಗೆಯಾಗದಿದ್ದರೆ ಒಂದು ವಿನಂತಿಯನ್ನು ಬರೆದು ಕಾಯಬೇಕು. ಇಲ್ಲಿಯಾದರೋ ಅನುವಾದದ ಕಡತವನ್ನೇ ತೆರೆದು ತಿದ್ದುಪಡಿಯನ್ನು ಸೂಚಿಸಬಹುದು, ಬಳಗ ಒಪ್ಪಿದರೆ ಅದು ಮುಂದಿನ ಆವೃತ್ತಿಯಲ್ಲಿ ಸೇರುತ್ತದೆ. ಕೆಲವು ಅನುವಾದಗಳು ಬಿರುಸಾಗಿವೆ, ಕೆಲವು ಅರೆಯಾಗಿ ನಿಂತಿವೆ. ಪಾರಿಭಾಷಿಕ ಪದಗಳ ಬಗ್ಗೆ ತರಗತಿಗಳಲ್ಲಿ ಗಂಟೆಗಟ್ಟಲೆ ಚರ್ಚಿಸುವ ನಾವು ಕೈಯಿಕ್ಕಬಹುದಾದ ಎಡೆ ಇದು ಎಂದು ಅನ್ನಿಸಿತು.

ಬೆರಳಿನ ಅಭ್ಯಾಸದ ಪ್ರಶ್ನೆಯೂ ಇದ್ದಿತು. ಶ್ರೀ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸಕ್ಕೆ ನನ್ನ ಕೈ ಪಳಗಿದೆ. ವ್ಯಂಜನಕ್ಕೆ ಒಂದು ಕೀಲಿ, ಅದರ ಮೇಲೆ ಸ್ವರಕ್ಕೆ ಒಂದು ಕೀಲಿ, ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿ. ನಮ್ಮ ವರ್ಣಮಾಲೆಯ ಸ್ವಭಾವವನ್ನು ಅರಿತವರು ಮಾಡಿದ ಏರ್ಪಾಡು ಅದು. ಹೊಸ ಮನೆಯಲ್ಲಿ ಅದು ದೊರೆಯದೆಂಬ ಅಳುಕಿದ್ದಿತು. ಆದರೆ ಅಲ್ಲಿಯ ಬೆರಳಚ್ಚಿನ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದ ಜೊತೆಗೆ ಅದೂ ಕುಳಿತಿತ್ತು. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಅಕ್ಷರವಿನ್ಯಾಸಗಳೂ ಡೆಬಿಯನ್‌ನ ಭಂಡಾರದಲ್ಲಿ ಬೆಲೆಯಿಲ್ಲದೆ ದೊರೆತುವು.

ಇಷ್ಟೆಲ್ಲ ಅನುಕೂಲವಿದ್ದ ಮೇಲೆ ಅಲ್ಲಿಯೇ ಏಕೆ ನೆಲಸಲಿಲ್ಲವೆಂದು ವಾಚಕರು ಕೇಳಬಹುದು. ಕಾರಣಗಳು ಸಣ್ಣವು, ಆದರೆ ಹಲವು. ವಿಭಾಗದ ಹಳೆಯ ಮುದ್ರಕವು ಹೊಸ ಉಗ್ರಾಣಿಯ ಮಾತನ್ನು ಅರ್ಧ ಕೇಳಿತು. ಅಚ್ಚು ಹಾಕಿತು, ಎರಡು ಬದಿಗೆ ಅಚ್ಚು ಹಾಕಲು ಒಪ್ಪಲಿಲ್ಲ. ನಾನು ಪುಸ್ತಕಗಳನ್ನು ಕೊಡುವ ಅಚ್ಚುಕೂಟದವರು ಪುಟವಿನ್ಯಾಸಕ್ಕೆ ಬಳಸುವ ತಂತ್ರಾಂಶ ಲಿನಕ್ಸಿಗೆ ಬಂದಿಲ್ಲ. ಸಹೋದ್ಯೋಗಿಗಳು ವರ್ಡ್‌ನಲ್ಲಿ ಮಾಡಿ ಕಳುಹಿಸಿದ ಕೋಷ್ಟಕಗಳು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಒಂದೆರಡು ಗೆರೆ ಕೆಳಗೆ ಸರಿದು, ಪುಟದ ಲೆಕ್ಕ ತಪ್ಪುತ್ತಿದ್ದಿತು. ಪರೀಕ್ಷೆಯ ಕಾಲದಲ್ಲಿ, ನಾಳೆ ಬೆಳಿಗ್ಗೆ ಪ್ರಶ್ನಪತ್ರಿಕೆ ತಲುಪಬೇಕೆಂಬಾಗ, ಯಾರೂ ಹೊಸ ಮನೆಯ ಒಲೆ ಹೊತ್ತಿಸುವ ಪ್ರಯೋಗಕ್ಕೆ ಕೈಹಾಕುವುದಿಲ್ಲ. ನಾಲ್ಕು ಜನರ ಜೊತೆಯಲ್ಲಿ ಮಾಡುವ ಕೆಲಸಕ್ಕೆ ನಾಲ್ವರೂ ಅರಿತ ಸಾಧನವೇ ಬೇಕು. ಆದುದರಿಂದ ದಿನದ ವ್ಯವಹಾರವನ್ನು ವಿಂಡೋಸಿನಲ್ಲಿಯೇ ಉಳಿಸಿಕೊಂಡೆ. ಇದರಲ್ಲಿ ನಾಚಿಕೆಪಡುವಂತಹುದೇನೂ ನನಗೆ ಕಾಣಿಸದು.

ಹಾಗಾದರೆ ಈ ಪ್ರಯೋಗದಿಂದ ಬಂದ ಲಾಭವೇನು? ಇದ್ದ ಮನೆಯ ವಿಷಯವಾಗಿ ಒಂದು ಸತ್ಯವು ಹೊರಗೆ ಹೋಗಿ ನೋಡಿದಾಗ ತಿಳಿಯಿತು. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದುದೂ ಅದೇ.

ಕೆಲವು ವರ್ಷಗಳ ಹಿಂದೆ ನಿವೃತ್ತರಾದ ಹಿರಿಯ ಅಧ್ಯಾಪಕರೊಬ್ಬರು, ತಾವು ತಾಲ್ಲೂಕಿನ ಹಳ್ಳಿಗಳಲ್ಲಿ ಸಂಗ್ರಹಿಸಿ ಬೆರಳಚ್ಚು ಮಾಡಿಸಿದ್ದ ಬೀಸುವ ಪದ, ಸೋಬಾನೆ ಪದಗಳ ಒಂದು ಸಿ.ಡಿ.ಯನ್ನು ನಮ್ಮ ವಿಭಾಗಕ್ಕೆ ಕೊಟ್ಟಿದ್ದರು. ಹಾಡಿದ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. ವಿಭಾಗದ ಹಳೆಯ ಯಂತ್ರದಲ್ಲಿ ಅದು ಅಂದವಾಗಿ ತೆರೆಯುತ್ತಿದ್ದಿತು. ಅಲ್ಲಿಗೆ ನಮ್ಮ ಯೋಚನೆ ಮುಗಿದಿದ್ದಿತು. ಅದೇ ಕಡತವನ್ನು ಲಿನಕ್ಸಿನಲ್ಲಿ ತೆರೆದಾಗ ತೆರೆಯ ಮೇಲೆ ಒಂದು ಕನ್ನಡ ಅಕ್ಷರವೂ ಕಾಣಲಿಲ್ಲ. ಇಂಗ್ಲಿಷಿನ ಬಿಡಿ ಅಕ್ಷರಗಳು, ತಲೆಯ ಮೇಲೆ ಚುಕ್ಕಿಗಳನ್ನು ಹೊತ್ತ ಯೂರೋಪಿನ ಸ್ವರಗಳು, ನಡುನಡುವೆ ಗಣಿತದ ಚಿಹ್ನೆಗಳು. ಪುಟ ಪುಟವೂ ಹೀಗೆಯೇ. ಪಕ್ಕದಲ್ಲಿ ನಿಂತಿದ್ದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಆ ಹಾಡುಗಳನ್ನು ಸಂಗ್ರಹಿಸಿದ ಊರುಗಳಲ್ಲಿ ಒಂದರವಳು. "ಸಾರ್, ಇದರಲ್ಲಿ ನಮ್ಮೂರಿನವರ ಹಾಡು ಇದೆ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದಳು. ಅದಕ್ಕೆ ಕೂಡಲೇ ಉತ್ತರ ಹೇಳುವುದು ಕಷ್ಟವಾಗಿದ್ದಿತು.

ದೋಷ ಲಿನಕ್ಸಿನದಲ್ಲ, ವಿಂಡೋಸಿನದೂ ಅಲ್ಲ. ಕಾರಣ ಬೇರೆ ಇದೆ. ಗಣಕವು ಅಕ್ಷರವನ್ನು ಅಕ್ಷರವಾಗಿ ಅರಿಯದು. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನಷ್ಟೇ ಅದು ಬಲ್ಲುದು. ಭಾರತೀಯ ಭಾಷೆಗಳಿಗೆ ಸರಿಯಾದ ಸಂಖ್ಯೆಗಳು ಬಳಕೆಗೆ ಬರುವ ಮುನ್ನ, ನಮ್ಮ ತಂತ್ರಾಂಶಗಳನ್ನು ಮಾಡಿದವರು ಒಂದು ಜಾಣ ಉಪಾಯವನ್ನು ಕಂಡುಕೊಂಡಿದ್ದರು. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬರೆದ ಫಾಂಟುಗಳನ್ನು ಮಾಡಿದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ ಸರಿ. ಕನ್ನಡ ಗಣಕವನ್ನೇರಿದುದು ಆ ಉಪಾಯದಿಂದ. ಆದರೆ ಅದರಲ್ಲಿ ಯಂತ್ರದ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷೇ; ಹೊರಗೆ ತೊಡಿಸಿದ ವೇಷ ಮಾತ್ರ ಕನ್ನಡ. ಆ ಫಾಂಟು ಇರುವವರೆಗೆ ವೇಷ ನಿಲ್ಲುತ್ತದೆ. ಫಾಂಟಿಲ್ಲದಿದ್ದರೆ ವಿಂಡೋಸಿನ ಯಂತ್ರದಲ್ಲಿಯೂ ಇದೇ ಅವಸ್ಥೆ. ನಮ್ಮ ಹಳೆಯ ಯಂತ್ರದಲ್ಲಿ ಫಾಂಟು ಸದಾ ಇದ್ದುದರಿಂದ ಒಳಗಿನ ಸಂಗತಿ ತಿಳಿಯುವ ಪ್ರಸಂಗವೇ ಬಂದಿರಲಿಲ್ಲ, ಅಷ್ಟೆ.

ಫಾಂಟನ್ನು ಹೊತ್ತುತಂದು ಹೊಸ ಯಂತ್ರದಲ್ಲಿ ಇಟ್ಟರೆ ಆಯಿತಲ್ಲ ಎಂದು ಕೇಳಬಹುದು. ಆಕಾರವೇನೋ ಕಾಣಬಹುದು. ಆದರೆ 'ತಂಗಿ' ಎಂಬ ಮಾತು ಎಷ್ಟು ಹಾಡುಗಳಲ್ಲಿ ಬಂದಿದೆಯೆಂದು ಹುಡುಕಲು ಸುಲಭವಾಗದು; ಪದಕೋಶವನ್ನು ಅಕಾರಾದಿಯಾಗಿ ಜೋಡಿಸಲು ಬಾರದು; ಏಕೆಂದರೆ ಯಂತ್ರದ ಪಾಲಿಗೆ ಅಲ್ಲಿ ಅಕಾರವೂ ಇಲ್ಲ, ಕಕಾರವೂ ಇಲ್ಲ. ಇದಕ್ಕೆ ಪರಿಹಾರ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಒಂದು ಕೇರಿಯಿದೆ. ಅಲ್ಲಿ ಕಕಾರಕ್ಕೆ ಕೊಟ್ಟ ಸಂಖ್ಯೆ ಜಗತ್ತಿನ ಯಾವ ಯಂತ್ರದಲ್ಲಿಯೂ ಕಕಾರವೇ. ಹಳೆಯ ಕಡತಗಳನ್ನು ಇದಕ್ಕೆ ಪರಿವರ್ತಿಸುವ ಸಾಧನಗಳು ಉಂಟು. ವಿದ್ಯಾರ್ಥಿಗಳನ್ನು ಕೂಡಿಕೊಂಡು ಆ ಹಾಡುಗಳನ್ನು ನಾವು ಪರಿವರ್ತಿಸಿದೆವು.

ಕೆಲಸ ಗುಂಡಿ ಒತ್ತಿದಷ್ಟು ಸುಲಭವಾಗಿರಲಿಲ್ಲ. ವ್ಯಾಕರಣದ ಒಂದು ಸ್ವಾರಸ್ಯ ಅಲ್ಲಿ ಎದುರಾಯಿತು. 'ಸೂರ್ಯ' ಎಂಬಲ್ಲಿ ಉಚ್ಚಾರಣೆಯಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಅರ್ಕಾವೊತ್ತನ್ನು ಬಳಸಿ ಬರೆಯುವಾಗಲಾದರೋ ಯಕಾರವೇ ಮುಂದೆ, ರಕಾರದ ಚಿಹ್ನೆ ಹಿಂದೆ. ಹಳೆಯ ಫಾಂಟುಗಳು ಕಣ್ಣಿಗೆ ಕಂಡ ಕ್ರಮವನ್ನು ಹಿಡಿದಿದ್ದುವು. ಯೂನಿಕೋಡ್ ನಾಲಿಗೆ ನುಡಿಯುವ ಕ್ರಮವನ್ನು ಹಿಡಿಯಿತು. ಪರಿವರ್ತಕವು ಈ ಸೂಕ್ಷ್ಮವನ್ನು ತಪ್ಪಿಸಿದಲ್ಲೆಲ್ಲ ಸೂರ್ಯ 'ಸೂಯರ್' ಆದನು, ಕಾರ್ಯ 'ಕಾಯರ್' ಆಯಿತು. ಇಂತಹ ಎಡೆಗಳನ್ನು ಕೈಯಿಂದಲೇ ತಿದ್ದಬೇಕಾಯಿತು. ಮೂರು ವಾರ ಹಿಡಿಯಿತು. ತಾಳೆಯೋಲೆಯ ಪ್ರತಿಕಾರರ ಕೈತಪ್ಪುಗಳನ್ನು ಗ್ರಂಥಸಂಪಾದನೆಯ ಪಾಠದಲ್ಲಿ ಕೇಳಿ ಆಕಳಿಸುತ್ತಿದ್ದ ವಿದ್ಯಾರ್ಥಿಗಳು, ಆ ಮೂರು ವಾರದಲ್ಲಿ ಪಾಠಾಂತರವೆಂದರೇನೆಂಬುದನ್ನು ಕೈಯಾರೆ ಕಲಿತರು.

ನಮ್ಮ ಪ್ರಾಚೀನ ಕಾವ್ಯಗಳು ಉಳಿದುಬಂದುದಾದರೂ ಹೇಗೆ? ಓಲೆ ಹುಳುವಿಗೆ ಆಹಾರವಾಗುವ ಮುನ್ನ ಯಾರೋ ಕುಳಿತು ಹೊಸ ಓಲೆಗೆ ಇಳಿಸಿದುದರಿಂದ. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ದಾಟಿಸಿದುದರಿಂದ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಕೆ.ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಅಚ್ಚಿಗೆ ತಂದುದರಿಂದಲೇ ಅದು ಇಂದು ನಮ್ಮ ತರಗತಿಯ ಪಠ್ಯವಾಗಿದೆ. ದಾಟಿಸುವವರು ಇಲ್ಲದ ಕೃತಿಗಳು ಹೆಸರಾಗಿ ಮಾತ್ರ ಉಳಿದಿವೆ. ನಮ್ಮ ವಿಭಾಗಗಳ ಕಪಾಟುಗಳಲ್ಲಿರುವ ಸಿ.ಡಿ.ಗಳಲ್ಲಿ, ಹಳೆಯ ಯಂತ್ರಗಳ ಮೂಲೆಗಳಲ್ಲಿ ಎಷ್ಟು ಸಂಶೋಧನ ಪ್ರಬಂಧಗಳು, ಎಷ್ಟು ಪ್ರಾದೇಶಿಕ ಪದಕೋಶಗಳು, ಎಷ್ಟು ಜನಪದ ಹಾಡುಗಳು ಹೀಗೆ ವೇಷದ ಕನ್ನಡದಲ್ಲಿ ಕುಳಿತಿರಬಹುದು! ಹಳೆಯ ಯಂತ್ರಗಳನ್ನು ಎಸೆಯುವ ಈ ಕಾಲದಲ್ಲಿ ಅವುಗಳ ಜೊತೆಯಲ್ಲಿಯೇ ಇವೂ ಹೋಗುವ ಭಯವಿದೆ. ನಮ್ಮ ಬರಹವು ನಮ್ಮದೇ ಹೌದೋ ಅಲ್ಲವೋ ಎಂಬುದಕ್ಕೆ ಒಂದು ಸರಳವಾದ ಪರೀಕ್ಷೆಯುಂಟು: ಅದನ್ನು ಪರಿಚಯವಿಲ್ಲದ ಮನೆಗೆ ಕೊಂಡೊಯ್ದು ತೆರೆಯಬೇಕು. ಅಲ್ಲಿಯೂ ಓದಲು ಬಂದರೆ ಅದು ನಮ್ಮ ಸ್ವತ್ತು. ಬಾರದಿದ್ದರೆ ಇನ್ನೊಬ್ಬರ ಮರ್ಜಿಯಲ್ಲಿರುವ ಎರವಿನ ಒಡವೆ. ಬೇರೊಂದು ವ್ಯವಸ್ಥೆಯನ್ನು ಪ್ರಯೋಗಿಸಿ ನೋಡುವುದರ ಮುಖ್ಯ ಪ್ರಯೋಜನ ಇದೆಂದು ನಾನು ತಿಳಿದಿದ್ದೇನೆ.

ಈ ವಿಷಯದಲ್ಲಿ ಎರಡು ಅತಿಗಳನ್ನು ಕಂಡಿದ್ದೇನೆ. ಒಂದು, ಮುಕ್ತ ತಂತ್ರಾಂಶದ ಅಭಿಮಾನಿಗಳದು. ಅವರ ನಿಷ್ಠೆಗೆ ತಲೆಬಾಗಬೇಕು. ಕನ್ನಡದ ಸೂಚನೆಗಳನ್ನು ಸಂಬಳವಿಲ್ಲದೆ ಅನುವಾದಿಸಿದವರು ಅವರಲ್ಲಿಯೇ ಇದ್ದಾರೆ. ಆದರೆ ವಿಂಡೋಸ್ ಬಳಸುವವರೆಲ್ಲ ದಾಸರು ಎಂಬ ಅವರಲ್ಲಿ ಕೆಲವರ ಮಾತನ್ನು ಒಪ್ಪಲಾರೆ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ತನ್ನ ಕಚೇರಿಗಳನ್ನು ಲಿನಕ್ಸಿಗೆ ಬದಲಿಸುವ ತೀರ್ಮಾನ ಮಾಡಿ, ಹತ್ತು ವರ್ಷ ಶ್ರಮಿಸಿ, ಸಾವಿರಾರು ಯಂತ್ರಗಳನ್ನು ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸಿಗೇ ಮರಳುವ ನಿರ್ಣಯ ಕೈಗೊಂಡಿತು. ಇನ್ನೊಂದು ಅತಿ, ಇದೆಲ್ಲ ಹುಚ್ಚರ ಹವ್ಯಾಸವೆಂದು ನಗುವವರದು. ಅವರು ನೆರೆಯ ಕೇರಳದ ಕಡೆಗೆ ಒಮ್ಮೆ ನೋಡಬೇಕು. ಅಲ್ಲಿಯ ಸರ್ಕಾರಿ ಶಾಲೆಗಳು 'ಐಟಿ ಅಟ್ ಸ್ಕೂಲ್' ಯೋಜನೆಯ ಕಾಲದಿಂದ ಲಿನಕ್ಸಿನ ಮೇಲೆಯೇ ಗಣಕವನ್ನು ಕಲಿಸುತ್ತ ಬಂದಿವೆ. ಆ ಕೆಲಸವನ್ನು ಈಗ 'ಕೈಟ್' ಎಂಬ ಸಂಸ್ಥೆ ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದೇ ವ್ಯವಸ್ಥೆಯ ಮೇಲೆ. ಮಕ್ಕಳಿಗೆ ಸಾಧ್ಯವಾದುದು ಅಧ್ಯಾಪಕರಿಗೆ ಅಸಾಧ್ಯವೆಂದು ಹೇಳುವುದು ನಮ್ಮ ಘನತೆಗೆ ಒಪ್ಪುವ ಮಾತಲ್ಲ.

ಎರಡನ್ನೂ ಅರಿತು ಒಂದರಲ್ಲಿ ನೆಲಸುವುದು ನಮಗೆ ಹೊಸತೇನಲ್ಲ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕಾವ್ಯದ ಮನೆಯನ್ನು ಹೊಕ್ಕು ನೋಡಿದರು, ಅಲ್ಲಿಯೇ ಉಳಿದುಬಿಡಲಿಲ್ಲ. 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಹಿಡಿದು ಕನ್ನಡಕ್ಕೆ ಬಂದರು. ಬಂದ ಮೇಲೆ ಕನ್ನಡದ ಮನೆಯಲ್ಲಿ ಯಾವ ಕಿಟಕಿ ಮುಚ್ಚಿದೆ, ಯಾವ ಬಾಗಿಲು ತೆರೆಯಬೇಕು ಎಂಬುದು ಅವರಿಗೆ ಕಂಡಿತು. ಒಂದೇ ಭಾಷೆಯನ್ನು ಬಲ್ಲವನಿಗೆ ಆ ಭಾಷೆಯ ಕಟ್ಟು ಕಾಣುವುದು ಕಷ್ಟ. ಯಂತ್ರದ ವಿಷಯದಲ್ಲಿಯೂ ಇದು ನಿಜವೇ.

ಆದುದರಿಂದ ಕನ್ನಡ ವಿಭಾಗಗಳಿಗೆ ನಾಲ್ಕು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಮೊದಲನೆಯದು, ವಿಂಡೋಸ್ 11ಕ್ಕೆ ಸಲ್ಲದ ಯಂತ್ರಗಳಲ್ಲಿ ಒಂದನ್ನಾದರೂ ಗುಜರಿಗೆ ಹಾಕದೆ ಲಿನಕ್ಸಿಗೆ ಬಿಟ್ಟುಕೊಡುವುದು. ನಮ್ಮ ಎರಡು ಯಂತ್ರಗಳೂ ಹೀಗೆ ವಿದ್ಯಾರ್ಥಿಗಳ ಕೈಯಲ್ಲಿ ದುಡಿಯುತ್ತಿವೆ. ಎರಡನೆಯದು, ಹಳೆಯ ಫಾಂಟಿನ ಬರಹಗಳನ್ನು ಪಟ್ಟಿಮಾಡಿ, ವರ್ಷಕ್ಕೆ ಇಷ್ಟೆಂದು ಯೂನಿಕೋಡಿಗೆ ದಾಟಿಸುವುದು; ಎಂ.ಎ. ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಅಭ್ಯಾಸವಾಗಿ ಇದನ್ನು ಕೊಡಬಹುದು. ಮೂರನೆಯದು, ಮುಗಿದ ಬರಹದ ಒಂದು ಪ್ರತಿಯನ್ನು ಯಾವ ತಂತ್ರಾಂಶವೂ ಓದಬಲ್ಲ ಸರಳ ಪಠ್ಯವಾಗಿಯೋ, 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಓಡಿಎಫ್ ರೂಪದಲ್ಲಿಯೋ ಇಟ್ಟುಕೊಳ್ಳುವುದು. ನಾಲ್ಕನೆಯದು ನೀತಿಗೆ ಸಂಬಂಧಿಸಿದುದು. ಹಣ ಕೊಟ್ಟು ವಿಂಡೋಸನ್ನು ಕೊಳ್ಳಬಹುದು, ಹಣವಿಲ್ಲದವರು ಲಿನಕ್ಸನ್ನು ಗೌರವದಿಂದ ಬಳಸಬಹುದು; ಇವೆರಡರ ನಡುವೆ ಕದ್ದ ಪ್ರತಿಯ ದಾರಿಯೊಂದು ನಮ್ಮಲ್ಲಿ ಬಹುಕಾಲದಿಂದ ರೂಢಿಯಾಗಿದೆ. ಕೃತಿಚೌರ್ಯವು ಪಾಪವೆಂದು ತರಗತಿಯಲ್ಲಿ ಬೋಧಿಸುವವರ ಮೇಜಿನ ಮೇಲೆ ಅಂತಹ ಪ್ರತಿ ಇರುವುದು ಶೋಭೆಯಲ್ಲ.

ಯಾರೂ ಇದ್ದ ಮನೆಯನ್ನು ನಾಳೆಯೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಾನೂ ಬಿಟ್ಟಿಲ್ಲ, ಈ ಲೇಖನವನ್ನು ವಿಂಡೋಸಿನಲ್ಲಿಯೇ ಬರೆದಿದ್ದೇನೆ. ಬರೆದು ಮುಗಿಸಿದ ಮೇಲೆ ಅದನ್ನು ಲಿನಕ್ಸಿನ ಯಂತ್ರದಲ್ಲಿ ಒಮ್ಮೆ ತೆರೆದು, ಎಲ್ಲ ಅಕ್ಷರಗಳೂ ತಮ್ಮ ತಮ್ಮ ಸ್ಥಾನದಲ್ಲಿವೆಯೇ ಎಂದು ನೋಡಿಕೊಂಡು, ಆಮೇಲೆ ಪತ್ರಿಕೆಗೆ ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಇದಕ್ಕೆ ಐದು ನಿಮಿಷ ಸಾಕು. ಆ ವಿದ್ಯಾರ್ಥಿನಿಯ ಊರಿನ ಸೋಬಾನೆ ಪದಗಳು ಈಗ ಅವಳ ಫೋನಿನಲ್ಲಿಯೂ ಕನ್ನಡವಾಗಿಯೇ ತೆರೆಯುತ್ತವೆ. ಬೇಸಿಗೆಯ ರಜದಲ್ಲಿ ಅವನ್ನು ಊರಿನಲ್ಲಿ ಓದಿ ಹೇಳಿ, ಮರೆತ ಸಾಲುಗಳಿದ್ದರೆ ಕೇಳಿ ಸೇರಿಸಿಕೊಂಡು ಬರುತ್ತೇನೆಂದು ಹೇಳಿ ಹೋಗಿದ್ದಾಳೆ.